ದೈವ ಇಳಿದ ಮೇಲೆ ಉಳಿಯುವ ಮನುಷ್ಯ

ದೀಪಾವಳಿ ಕಳೆಯಿತೆಂದರೆ ಚೆನ್ನೈಯ ಉಡುಪಿ ಹೋಟೆಲುಗಳ ಗಲ್ಲಾಪೆಟ್ಟಿಗೆಯ ಮುಂದೆ ರಜೆಯ ಬೇಡಿಕೆಗಳು ಸಾಲಾಗಿ ಬಂದು ನಿಲ್ಲುತ್ತವೆ. ಒಬ್ಬನ ಮನೆಯಲ್ಲಿ ಕುಟುಂಬದ ದೈವಕ್ಕೆ ಕೋಲ, ಮತ್ತೊಬ್ಬನ ಗ್ರಾಮದಲ್ಲಿ ನೇಮ, ಮಗುದೊಬ್ಬನ ತರವಾಡಿನಲ್ಲಿ ತಂಬಿಲ. ಹಿಂದೆ ಈ ಕರೆಗಳು ಅಂಚೆಯ ಕಾರ್ಡಿನಲ್ಲಿ ಬರುತ್ತಿದ್ದುವು. ಈಗ ಅಂಗೈಯ ಮೊಬೈಲಿಗೆ ಬರುತ್ತವೆ. ಸಾಧನ ಬದಲಾದರೂ ಒಕ್ಕಣೆ ಬದಲಾಗಿಲ್ಲ. ‘ಈ ಸಲವಾದರೂ ಬಾ, ದೈವದ ಎದುರು ನಿಲ್ಲದೆ ಎಷ್ಟು ವರ್ಷವಾಯಿತು’ ಎಂಬ ಒಂದು ಸಾಲು ಇದ್ದೇ ಇರುತ್ತದೆ. ಬೇಷ ತಿಂಗಳ ಹತ್ತನೆಯ ದಿನವಾದ ಪತ್ತನಾಜೆಯಂದು, ಅಂದರೆ ಮೇ ತಿಂಗಳ ಕೊನೆಯ ವಾರದ ಹೊತ್ತಿಗೆ, ಗಗ್ಗರದ ದನಿ ಅಡಗುವವರೆಗೂ ಈ ಹೋಗಿಬರುವಿಕೆ ನಡೆದೇ ಇರುತ್ತದೆ. ಮಂಗಳೂರು ಮೈಲಿನಲ್ಲಿ ಸ್ಥಳ ದೊರೆಯದೆ ನಿಂತೇ ಪಯಣಿಸಿದವರೂ ನಮ್ಮೊಳಗಿದ್ದಾರೆ.

ಇಂತಹ ರಜೆಯ ಮಾತು ನಡೆಯುತ್ತಿದ್ದ ಒಂದು ಸಂಜೆ, ಹೋಟೆಲೊಂದರ ಅಡುಗೆಮನೆಯ ಹಿಂಬದಿಯಲ್ಲಿ ಕುಳಿತಿದ್ದಾಗ ಕಿವಿಗೆ ಬಿದ್ದ ಒಂದು ಪ್ರಶ್ನೆಯನ್ನು ವಾಚಕರ ಮುಂದಿಡಬೇಕೆಂದು ನಮಗೆ ತೋರಿದೆ. ಕೇಳಿದವನು ಒಂದು ಕಚೇರಿಯಲ್ಲಿ ಲೆಕ್ಕ ಬರೆಯುವ ತರುಣ ಗುಮಾಸ್ತ. ಅವನು ಭಾನುವಾರಗಳಂದು ಜೊತೆಯ ನೌಕರರೊಡನೆ ಮೇಜಿನ ಸುತ್ತ ಕುಳಿತು ಒಂದು ಬಗೆಯ ಕಥೆಯಾಟವನ್ನು ಆಡುವುದುಂಟು. ಹಿಂದಿನ ವಾರದ ಆಟದಲ್ಲಿ ಅವನ ವೀರನ ಮೈಯನ್ನು ಒಂದು ಪ್ರೇತ ಹೊಕ್ಕಿತಂತೆ. ಆಗ ಜೊತೆಗಾರರಲ್ಲಿ ವಾದ ಹುಟ್ಟಿತು. ಹೊಕ್ಕ ಪ್ರೇತಕ್ಕೆ ವೀರನ ನೆನಪುಗಳು ತಿಳಿಯುತ್ತವೆಯೇ? ವೀರನ ಸ್ವಭಾವ ಉಳಿಯುತ್ತದೆಯೇ, ಅಳಿಯುತ್ತದೆಯೇ?

ಹುಡುಗ ಅಡುಗೆಯವರ ಕಡೆ ತಿರುಗಿ, “ಭಟ್ರೇ, ನಮ್ಮೂರ ಕೋಲದಲ್ಲಿ ದೈವ ಮೈಮೇಲೆ ಬಂದಾಗ ಆ ಮನುಷ್ಯ ಎಲ್ಲಿಗೆ ಹೋಗುತ್ತಾನೆ?” ಎಂದು ಕೇಳಿದ.

ವೃದ್ಧರು ಸೌಟನ್ನು ಕೆಳಗಿಡಲಿಲ್ಲ. “ಎಲ್ಲಿಗೂ ಹೋಗುವುದಿಲ್ಲ ಮಾಣಿ. ರಸಂ ಮಾಡುವುದು ನಾನೇ. ಆದರೆ ಈಯದ ಚೊಂಬಿನಲ್ಲಿ ಕುದಿದರೆ ಒಂದು ರುಚಿ, ಸ್ಟೀಲಿನದರಲ್ಲಿ ಕುದಿದರೆ ಮತ್ತೊಂದು. ಕಲಾಯಿ ಹೋದ ಹಿತ್ತಾಳೆಯಲ್ಲಿ ಕುದಿಸಿದರೆ ಉಂಡವನಿಗೆ ಹೊಟ್ಟೆ ಕೆಡುತ್ತದೆ. ಪಾತ್ರೆಯನ್ನು ಲೆಕ್ಕಕ್ಕೆ ಹಿಡಿಯದವನು ಅಡುಗೆಯವನೇ ಅಲ್ಲ” ಎಂದರು.

ಮಾತು ಅಲ್ಲಿಗೆ ಮುಗಿಯಿತು. ಸಂಜೆಯ ಗಿರಾಕಿಗಳು ಬಂದರು. ಆದರೆ ಆ ಉತ್ತರ ನಮ್ಮ ಮನಸ್ಸಿನಿಂದ ಹೋಗಲಿಲ್ಲ. ಅಡುಗೆಯ ಪಾತ್ರೆ, ನಾಟಕದ ಪಾತ್ರ, ದೈವದ ಪಾತ್ರಿ, ಈ ಮೂರೂ ಒಂದೇ ಬೇರಿನ ಶಬ್ದಗಳು. ತನ್ನದಲ್ಲದ ಒಂದನ್ನು ತನ್ನೊಳಗೆ ಹಿಡಿದಿಡುವುದು ಎಂಬ ಅರ್ಥ ಮೂರರಲ್ಲಿಯೂ ಉಂಟು. ಹಿಡಿದಿಡುವವನ ಗುಣವೇನು, ಅವನಿಗೆ ನಾವು ಸಲ್ಲಿಸಬೇಕಾದುದೇನು ಎಂಬುದೇ ಈ ಲೇಖನದ ವಿಷಯ.

ಆಟದ ನಿಯಮ

ಗುಮಾಸ್ತನ ಆಟದ ಮೂಲ ಅಮೆರಿಕದಲ್ಲಿದೆ. 1974ರಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಎಂಬಿಬ್ಬರು ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಎಂಬ ಹೆಸರಿನಿಂದ ಇದನ್ನು ಪ್ರಕಟಿಸಿದರು. ಆಡುವವರು ತಮಗೆ ಬೇಕಾದ ಒಂದೊಂದು ಪಾತ್ರವನ್ನು ಕಲ್ಪಿಸಿಕೊಂಡು, ಅದರ ಬಲ, ಬುದ್ಧಿ, ವಿವೇಕಗಳನ್ನು ಅಂಕಿಗಳಲ್ಲಿ ಕಾಗದದ ಮೇಲೆ ಬರೆದಿಟ್ಟು, ಆ ಪಾತ್ರವಾಗಿ ಮಾತನಾಡುತ್ತಾರೆ. ಒಬ್ಬನು ನಮ್ಮ ಯಕ್ಷಗಾನದ ಭಾಗವತನಂತೆ ಕಥೆಯನ್ನು ನಡೆಸುತ್ತಾನೆ. ಇಪ್ಪತ್ತು ಮುಖಗಳ ದಾಳವೊಂದು ಸೋಲು ಗೆಲುವುಗಳನ್ನು ನಿರ್ಣಯಿಸುತ್ತದೆ. ಇದರಲ್ಲಿ ಪ್ರೇತವು ಮೈ ಹೊಕ್ಕುವುದಕ್ಕೂ ಬರೆದಿಟ್ಟ ನಿಯಮವಿದೆ. ಈಚಿನ ಆವೃತ್ತಿಯಂತೆ, ಹೊಕ್ಕ ಪ್ರೇತಕ್ಕೆ ಆ ಮೈಯ ಬಲ ದೊರೆಯುತ್ತದೆ. ಬುದ್ಧಿ ವಿವೇಕಗಳು ಪ್ರೇತದವೇ ಉಳಿಯುತ್ತವೆ. ಆ ಮನುಷ್ಯನು ಕಲಿತ ವಿದ್ಯೆ, ಅವನ ತಿಳುವಳಿಕೆ ಪ್ರೇತಕ್ಕೆ ದಕ್ಕುವುದಿಲ್ಲ.

ಆಟಕ್ಕೆ ಇದು ಅಚ್ಚುಕಟ್ಟಾದ ನಿಯಮವೆನ್ನಲಡ್ಡಿಯಿಲ್ಲ. ಮನೆ ಒಬ್ಬನದು, ಒಳಗೆ ಬಂದು ಕುಳಿತವನು ಇನ್ನೊಬ್ಬ. ಮನೆಯವನು ಒಂದು ಕೋಣೆಯಲ್ಲಿ ಬೀಗ ಹಾಕಿಸಿಕೊಂಡು ಕುಳಿತಿರುತ್ತಾನೆ. ನಮ್ಮಲ್ಲಿ ಅನೇಕರು ಕೋಲವನ್ನು ಕಂಡು ಭಾವಿಸಿರುವುದೂ ಹೆಚ್ಚು ಕಡಿಮೆ ಇದನ್ನೇ. ಆದರೆ ಕೋಲದ ಕ್ರಮವನ್ನು ಸಾವಧಾನವಾಗಿ ನೋಡಿದವರಿಗೆ ಅಲ್ಲಿನ ನಿಯಮ ಬಹುಮಟ್ಟಿಗೆ ಇದಕ್ಕೆ ವಿರುದ್ಧವಾಗಿದೆಯೆಂಬುದು ತಿಳಿಯದಿರದು.

ಕೋಲದ ಕ್ರಮ

ದೈವವನ್ನು ಕಟ್ಟುವ ಕಲಾವಿದನು ಸಾಮಾನ್ಯವಾಗಿ ಪಂಬದ, ಪರವ, ನಲಿಕೆ ಎಂಬ ಸಮುದಾಯಗಳಲ್ಲೊಂದಕ್ಕೆ ಸೇರಿದವನು. ಅವನು ಮೊದಲು ಎಣ್ಣೆಬೂಳ್ಯವನ್ನು ಸ್ವೀಕರಿಸಿ ಸ್ನಾನ ಮಾಡಿ ಬರುತ್ತಾನೆ. ಮುಖಕ್ಕೆ ಅರದಾಳದ ಹಳದಿ ಬಣ್ಣ ಏರುತ್ತದೆ. ಅವನ ಮನೆಯ ಹೆಂಗಸು ತೆಂಬರೆಯನ್ನು ಬಾರಿಸುತ್ತ ದೈವದ ಹುಟ್ಟು, ಪಯಣ, ಪರಾಕ್ರಮಗಳ ಪಾಡ್ದನವನ್ನು ಹಾಡುತ್ತಾಳೆ. ಎಳೆಯ ತೆಂಗಿನ ಗರಿಯ ತಿರಿ ಸೊಂಟಕ್ಕೆ ಬರುತ್ತದೆ; ಬೆನ್ನಿಗೆ ಅಣಿ ಏರುತ್ತದೆ; ಕಾಲಿಗೆ ಗಗ್ಗರ ಸೇರುತ್ತದೆ. ಗುತ್ತಿನ ಯಜಮಾನನೂ ಊರ ಹತ್ತು ಸಮಸ್ತರೂ ಎದುರು ನಿಂತು ಪ್ರಾರ್ಥಿಸುತ್ತಾರೆ. ಆಮೇಲಷ್ಟೇ ಮೈ ನಡುಗಿ ದರ್ಶನ ಬರುತ್ತದೆ. ಒಂದೊಂದು ಹಂತದಲ್ಲಿಯೂ ಮನುಷ್ಯನು ಸ್ವಲ್ಪ ಸ್ವಲ್ಪವಾಗಿ ಬದಿಗೆ ಸರಿದು ದೈವಕ್ಕೆ ಎಡೆಮಾಡಿಕೊಡುತ್ತಾನೆ. ಒಮ್ಮೆಗೇ ಯಾರೂ ಯಾರನ್ನೂ ಹೊರಗೆ ನೂಕುವುದಿಲ್ಲ.

ಪಾಡ್ದನಗಳನ್ನು ಅಭ್ಯಸಿಸಿದ ವಿದ್ವಾಂಸರು ಇಲ್ಲೊಂದು ಸೂಕ್ಷ್ಮವನ್ನು ಗುರುತಿಸಿದ್ದಾರೆ. ಕಥೆ ಆರಂಭವಾಗುವಾಗ ದೈವವು ‘ಅವನು’ ಅಥವಾ ‘ಅವಳು’. ದರ್ಶನದ ಹೊತ್ತಿಗೆ ಅದು ‘ನಾನು’ ಆಗುತ್ತದೆ. ಒಂದು ಸರ್ವನಾಮ ಬದಲಾಗುವ ಆ ಕ್ಷಣವೇ ಇಡೀ ರಾತ್ರಿಯ ಕೇಂದ್ರ. ಆದರೆ ಹಾಗೆ ‘ನಾನು’ ಎನ್ನಬೇಕಾದರೆ ಆ ಕಥೆ ಬಾಯಿಗೆ ಬಂದಿರಬೇಕಷ್ಟೆ.

ಬಳಿಕ ನುಡಿ. ದೈವವು ಗುತ್ತು ಬರ್ಕೆಗಳ ಮನೆತನಗಳನ್ನು ಒಂದೊಂದಾಗಿ ಹೆಸರು ಹಿಡಿದು, ಅವರವರಿಗೆ ಸಲ್ಲುವ ಮರ್ಯಾದೆಯ ಮಾತಿನಿಂದ, ತಪ್ಪದ ಕ್ರಮದಲ್ಲಿ ಕರೆಯಬೇಕು. ಹಳೆಯ ಜಗಳಗಳು, ಮುರಿದ ಮಾತುಗಳು, ಭಾಗವಾಗದ ಜಾಗಗಳು ಅದರ ಮುಂದೆ ಬರುತ್ತವೆ. ದೈವವು ಕೇಳುತ್ತದೆ, ಗದರಿಸುತ್ತದೆ, ಒಡಂಬಡಿಸುತ್ತದೆ. ನುಡಿ ಹೇಳುವ ಈ ಸಾಮರ್ಥ್ಯ ಒಂದು ರಾತ್ರಿಯಲ್ಲಿ ಆಕಾಶದಿಂದ ಇಳಿದುದಲ್ಲ. ತಂದೆಯ, ಮಾವನ, ಅಣ್ಣನ ಹಿಂದೆ ಹುಡುಗನಾಗಿದ್ದಾಗಿನಿಂದ ನಡೆದು, ಕೇಳಿ, ತಪ್ಪಿ, ತಿದ್ದಿಸಿಕೊಂಡು ಬಂದದ್ದು. ಆಟದ ಪ್ರೇತಕ್ಕೆ ಮನುಷ್ಯನ ಬಲ ಸಾಕು, ವಿದ್ಯೆ ಬೇಡ. ನಮ್ಮ ದೈವಕ್ಕಾದರೋ ಮನುಷ್ಯನ ವಿದ್ಯೆಯೇ ಬೇಕು.

ಇನ್ನೊಂದು ಸಂಗತಿಯನ್ನು ಲಕ್ಷಿಸಬೇಕು. ಅನೇಕ ಕಡೆಗಳಲ್ಲಿ ಅಣಿ ಕಟ್ಟಿದ ಕಲಾವಿದನಿಗೂ, ಕತ್ತಿ ಮತ್ತು ಗಂಟೆ ಹಿಡಿದ ಪಾತ್ರಿಗೂ ಒಂದೇ ಕೋಲದಲ್ಲಿ ದರ್ಶನ ಬರುವುದುಂಟು. ದೈವ ಒಂದು, ಮೈಗಳು ಎರಡು. ಒಬ್ಬನ ನಡೆ ಇನ್ನೊಬ್ಬನ ನಡೆಯಂತಿರುವುದಿಲ್ಲ. ಆದರೂ ಸೇರಿದವರಲ್ಲಿ ಯಾರಿಗೂ ಸಂಶಯ ಹುಟ್ಟುವುದಿಲ್ಲ. ಒಂದೇ ದೈವ ಎರಡು ಮೈಗಳಲ್ಲಿ ಎರಡು ರೀತಿ ಕಾಣುವುದಾದರೆ, ಆ ವ್ಯತ್ಯಾಸವನ್ನು ತಂದವರು ಯಾರು? ಮೈಯ ಒಡೆಯರೇ ಅಲ್ಲವೆ? ಭಟ್ಟರ ಈಯದ ಚೊಂಬು ಇಲ್ಲಿ ನಮ್ಮ ನೆನಪಿಗೆ ಬರುತ್ತದೆ.

ಕಾಸರಗೋಡು ಕಡೆಯ ನಮ್ಮವರು ತೆಯ್ಯವನ್ನು ಬಲ್ಲರು. ಅಲ್ಲಿ ಕಟ್ಟುವವನು ಮೊದಲೇ ಕೆಲವು ದಿನಗಳ ವ್ರತವನ್ನು ಹಿಡಿಯುತ್ತಾನೆ. ಮುಡಿ ಏರಿದ ಮೇಲೆ ಅವನ ಕೈಗೆ ಒಂದು ಕನ್ನಡಿಯನ್ನು ಕೊಡುತ್ತಾರೆ. ಅದರಲ್ಲಿ ಅವನು ತನ್ನ ಮುಖವನ್ನಲ್ಲ, ದೈವದ ಮುಖವನ್ನು ಕಾಣುತ್ತಾನೆ. ಆ ನೋಟದಿಂದಲೇ ಅವನು ತೆಯ್ಯವಾಗುತ್ತಾನೆಂದು ನಂಬಿಕೆ. ಕನ್ನಡಿಯಲ್ಲಿ ದೈವವನ್ನು ಕಾಣಬೇಕಾದ ಕಣ್ಣುಗಳು ಮಾತ್ರ ಆ ಮನುಷ್ಯನವೇ ಎಂಬುದನ್ನು ಮರೆಯತಕ್ಕದ್ದಲ್ಲ.

ಮದ್ರಾಸಿನ ಅಧಿಕಾರಿ ಬರೆದಿಟ್ಟದ್ದು

ಈ ವಿಷಯಕ್ಕೂ ನಾವಿರುವ ಊರಿಗೂ ಹಳೆಯ ನಂಟುಂಟು. 1956ರ ನವೆಂಬರ್ 1ರವರೆಗೆ ದಕ್ಷಿಣ ಕನ್ನಡವು ಮದ್ರಾಸಿನ ಆಡಳಿತಕ್ಕೇ ಸೇರಿತ್ತು. ಮದ್ರಾಸ್ ಸಿವಿಲ್ ಸರ್ವಿಸಿನ ಎ. ಸಿ. ಬರ್ನೆಲ್ ಎಂಬ ಪಂಡಿತ ಅಧಿಕಾರಿ ತುಳುನಾಡಿನ ಪಾಡ್ದನಗಳನ್ನೂ ಆರಾಧನೆಯ ವಿವರಗಳನ್ನೂ ಸಂಗ್ರಹಿಸಿದ್ದನು. ಅವನು 1882ರಲ್ಲಿ ತೀರಿಕೊಂಡನು. ಅವನ ಸಂಗ್ರಹ 1894ರಿಂದ 1897ರವರೆಗೆ ‘ಇಂಡಿಯನ್ ಆಂಟಿಕ್ವೆರಿ’ ಪತ್ರಿಕೆಯಲ್ಲಿ ಅಚ್ಚಾಯಿತು. ಅದಕ್ಕಿಟ್ಟ ಶಿರೋನಾಮೆಯ ಅರ್ಥ ‘ತುಳುವರ ಪಿಶಾಚ ಪೂಜೆ’. ಶ್ರಮಕ್ಕೆ ಕೃತಜ್ಞರಾಗಿರುವಾಗಲೂ ಹೆಸರಿಗೆ ನಾವು ಒಪ್ಪಲಾರೆವು. ಅಣ್ಣಪ್ಪ, ಪಂಜುರ್ಲಿ, ಜುಮಾದಿಗಳನ್ನು ಪಿಶಾಚವೆಂದು ಕರೆದವನಿಗೆ, ಅವನ್ನು ಕಟ್ಟಿದ ಮನುಷ್ಯನು ಪಿಶಾಚ ಹಿಡಿದವನಾಗಿ ಕಾಣುವುದು ಸಹಜವೇ.

ಈ ಗೊಂದಲವನ್ನು ಬಿಡಿಸಿದವರಲ್ಲಿ ಅಮೆರಿಕದ ಮಾನವಶಾಸ್ತ್ರಜ್ಞ ಪೀಟರ್ ಕ್ಲಾಸ್ ಒಬ್ಬರು. 1979ರಲ್ಲಿ ಪ್ರಕಟವಾದ ಲೇಖನವೊಂದರಲ್ಲಿ ಅವರು ಎರಡು ಸ್ಥಿತಿಗಳನ್ನು ಬೇರ್ಪಡಿಸಿದರು. ಕರೆಯದೆ, ಬೇಡದೆ ಒಬ್ಬರ ಮೇಲೆ ಬಂದೆರಗುವುದು ಒಂದು. ನಿಯತವಾದ ದಿನ, ನಿಯತವಾದ ಸ್ಥಳದಲ್ಲಿ, ಎಲ್ಲರ ಒಪ್ಪಿಗೆಯಿಂದ, ಸಿದ್ಧನಾದ ಮನುಷ್ಯನ ಮೇಲೆ ಬರಮಾಡಿಕೊಳ್ಳುವುದು ಇನ್ನೊಂದು. ಇವೆರಡಕ್ಕೆ ಮೂರನೆಯದೊಂದನ್ನು ನಾವು ಸೇರಿಸಬಹುದು: ಯಕ್ಷಗಾನದ ವೇಷ. ಚೌಕಿಯಲ್ಲಿ ಬಣ್ಣ ಹಚ್ಚಿ ರಾವಣನಾದವನು ರಂಗಸ್ಥಳದಲ್ಲಿ ಎಷ್ಟೇ ಅಬ್ಬರಿಸಿದರೂ ಭಾಗವತನ ತಾಳಕ್ಕೆ ಕಿವಿಗೊಟ್ಟೇ ಇರುತ್ತಾನೆ. ಗುಮಾಸ್ತನ ಮೇಜಿನ ಆಟವೂ ಈ ವೇಷದ ವರ್ಗಕ್ಕೇ ಸೇರತಕ್ಕದ್ದು. ವೇಷ, ದರ್ಶನ, ಆವೇಶ: ಈ ಮೂರನ್ನು ಒಂದೇ ಎಂದು ತಿಳಿಯುವುದರಿಂದಲೇ ಅನೇಕ ಅನರ್ಥಗಳು ಹುಟ್ಟಿವೆ.

ಹೆಸರಿಲ್ಲದ ದುಃಖಕ್ಕೆ ಹೆಸರು

ಕರೆಯದೆ ಬಂದದ್ದನ್ನು ಕರೆದು ಕುಳ್ಳಿರಿಸುವ ಜಾಣ್ಮೆಯೂ ನಮ್ಮ ನಾಡಿನಲ್ಲಿ ಉಂಟು. ಸಿರಿ ಜಾತ್ರೆಯನ್ನು ಕಂಡವರಿಗೆ ಇದು ತಿಳಿದ ಮಾತು. ಕವತ್ತಾರು, ನಂದಳಿಕೆ, ಹಿರಿಯಡ್ಕ ಮೊದಲಾದ ಆಲಡೆಗಳಲ್ಲಿ ಹುಣ್ಣಿಮೆಯ ರಾತ್ರಿ ಹೆಂಗಸರು ಬಿಳಿಯ ಸೀರೆಯುಟ್ಟು, ಕೈಯಲ್ಲಿ ಹಿಂಗಾರ ಹಿಡಿದು ಸಾಲಾಗಿ ನಿಲ್ಲುತ್ತಾರೆ. ಅವರ ಮೇಲೆ ಸಿರಿ, ಸೊನ್ನೆ, ಗಿಂಡೆ, ಅಬ್ಬಗ, ದಾರಗ ಎಂಬವರು ಬರುತ್ತಾರೆ. ಇವರು ಸ್ವರ್ಗದ ದೇವತೆಗಳಲ್ಲ, ಅನ್ಯಾಯವುಂಡ ಹೆಂಗಸರು. ಸಿರಿಯು ತನ್ನನ್ನು ನಡೆಯಿಸಿಕೊಳ್ಳದ ಗಂಡನನ್ನು ಬಿಟ್ಟು ಬಂದವಳು. ಅಕ್ಕತಂಗಿಯರಾದ ಅಬ್ಬಗ ದಾರಗರು ಚೆನ್ನೆಮಣೆಯ ಆಟದಲ್ಲಿ ಜಗಳವಾಡಿ, ಒಬ್ಬಳು ಮಣೆಯ ಪೆಟ್ಟಿನಿಂದಲೂ ಮತ್ತೊಬ್ಬಳು ಬಾವಿಗೆ ಹಾರಿಯೂ ಪ್ರಾಣ ಕಳೆದುಕೊಂಡವರು. ಒಡಹುಟ್ಟಿದ ಅಕ್ಕತಂಗಿಯರು ಚೆನ್ನೆಯಾಡಬಾರದೆಂದು ನಮ್ಮ ತಾಯಂದಿರು ಹೇಳುತ್ತಿದ್ದುದರ ಮೂಲ ಇದೇ ಕಥೆ.

ಹೊಸದಾಗಿ ಬಂದ ಹೆಂಗಸಿಗೆ ಅಳು, ನಡುಕ, ನಿಟ್ಟುಸಿರುಗಳ ಹೊರತು ಬೇರೇನೂ ಬರುವುದಿಲ್ಲ. ಕುಮಾರನ ದರ್ಶನದಲ್ಲಿರುವ ಪಾತ್ರಿ ಅವಳೆದುರು ನಿಂತು, ನೀನು ಯಾರೆಂದು ಹೇಳು ಎಂದು ಕೇಳುತ್ತಾನೆ. ಸುತ್ತಲಿನ ಹಿರಿಯ ಹೆಂಗಸರು ಹಾಡಿನಲ್ಲಿಯೇ ಅವಳಿಗೆ ದಾರಿ ತೋರಿಸುತ್ತಾರೆ. ಹೀಗೆ ವರ್ಷ ವರ್ಷವೂ ಬಂದು ಅವಳು ಕಥೆಯನ್ನು ಕಲಿಯುತ್ತಾಳೆ. ಕೊನೆಗೊಂದು ದಿನ ತಾನು ಇಂಥವಳೆಂದು ಹೆಸರು ಹೇಳುತ್ತಾಳೆ. ಮನೆಯ ಮೂಲೆಯಲ್ಲಿ ಒಂಟಿಯಾಗಿ ನರಳುತ್ತಿದ್ದವಳಿಗೆ ಒಂದು ಹೆಸರು, ಒಂದು ಹಾಡು, ಒಂದು ಬಳಗ ದೊರೆಯುತ್ತವೆ. ಮುಂದೆ ಅವಳೇ ಹೊಸಬಳೊಬ್ಬಳಿಗೆ ದಾರಿ ತೋರಿಸುತ್ತಾಳೆ. ಅವಳ ವ್ಯಕ್ತಿತ್ವ ಅಳಿಯಿತೆನ್ನುವುದಕ್ಕಿಂತ, ಅದಕ್ಕೊಂದು ಬಾಯಿ ಬಂದಿತೆನ್ನುವುದು ಸರಿಯಾದೀತು.

ಈ ಪಾತ್ರಿಗಳ ವಿದ್ಯೆ ಎಷ್ಟು ದೊಡ್ಡದೆಂಬುದಕ್ಕೆ ಒಂದು ನಿದರ್ಶನ ಸಾಕು. ಬೆಳ್ತಂಗಡಿ ತಾಲೂಕಿನ ಮಾಚಾರಿನ ಗೋಪಾಲ ನಾಯ್ಕರು ಸಿರಿ ಆರಾಧನೆಯ ಪಾತ್ರಿಗಳು. 1990ರ ಡಿಸೆಂಬರಿನಲ್ಲಿ ಅವರು ಫಿನ್ಲೆಂಡಿನ ವಿದ್ವಾಂಸ ಲೌರಿ ಹೊಂಕೊ ಮತ್ತು ಸಂಗಡಿಗರ ಮುಂದೆ ಸಿರಿಯ ಕಥೆಯನ್ನು ಹಾಡಿ ಬರೆಯಿಸಿದರು. ಅದು 15,683 ಸಾಲುಗಳಷ್ಟಾಯಿತು. ಬಿ. ಎ. ವಿವೇಕ ರೈ, ಕೆ. ಚಿನ್ನಪ್ಪ ಗೌಡ, ಅನ್ನೆಲಿ ಹೊಂಕೊ ಇವರ ಸಹಕಾರದಿಂದ 1998ರಲ್ಲಿ ಫಿನ್ಲೆಂಡಿನಲ್ಲಿ ಎರಡು ಸಂಪುಟಗಳಾಗಿ ಪ್ರಕಟವಾಯಿತು. ಹೋಮರನ ಇಲಿಯಡ್ ಕಾವ್ಯದ ಸಾಲುಗಳ ಸಂಖ್ಯೆಯೂ ಸುಮಾರು ಇಷ್ಟೇ. ಇಂತಹ ಕಂಠವುಳ್ಳವನನ್ನು ಬರಿದಾದ ಕೊಡವೆಂದು ಯಾರು ತಾನೆ ಕರೆದಾರು?

ಈ ಊರಿನ ಬೀದಿಗಳಲ್ಲಿ

ತುಳುನಾಡನ್ನು ಬಿಟ್ಟು ಚೆನ್ನೈಗೆ ಬಂದರೂ ಈ ಸಂಗತಿ ನಮ್ಮನ್ನು ಬಿಟ್ಟಿಲ್ಲ. ಆಡಿ ತಿಂಗಳಿನಲ್ಲಿ ಅಮ್ಮನ ಗುಡಿಗಳ ಮುಂದೆ ಕೂಳು ಹೊಯ್ಯುವಾಗ, ಬೇವಿನ ಸೊಪ್ಪು ಹಿಡಿದ ಹೆಂಗಸಿನ ಮೇಲೆ ‘ಸಾಮಿ’ ಬರುವುದನ್ನು ಕೆಲಸಕ್ಕೆ ಹೋಗುವ ದಾರಿಯಲ್ಲಿ ನಾವೆಲ್ಲ ಕಂಡಿದ್ದೇವೆ. ಅವಳಾಡುವ ಮಾತಿಗೆ ತಮಿಳರು ‘ಅರುಳ್ ವಾಕ್ಕು’ ಎನ್ನುತ್ತಾರೆ. ನಾವು ನುಡಿ ಎನ್ನುತ್ತೇವೆ. ಸುತ್ತಣ ಜಿಲ್ಲೆಗಳ ದ್ರೌಪದಿ ಅಮ್ಮನ ಉತ್ಸವಗಳಲ್ಲಿ ತೆರುಕ್ಕೂತ್ತು ಆಡುವಾಗ, ದುಶ್ಶಾಸನನು ಸೀರೆಗೆ ಕೈಹಾಕುವ ಹೊತ್ತಿಗೆ ಆಟಗಾರರಿಗೂ ನೋಟಕರಿಗೂ ಆವೇಶ ಬರುವುದುಂಟು. ವೇಷದ ಗೆರೆ ದಾಟಿ ಬೇರೇನೋ ಆಗುವ ಆ ಕ್ಷಣಕ್ಕೆ ಜನರು ಸಿದ್ಧರಾಗಿಯೇ ಇರುತ್ತಾರೆ. ಮೈಮರೆತವರನ್ನು ಹಿಡಿದು ನಿಲ್ಲಿಸಿ, ಮತ್ತೆ ಮನುಷ್ಯರನ್ನಾಗಿ ಮಾಡಿ ಮನೆಗೆ ಕಳಿಸುವವರು ಅಲ್ಲಿಯೇ ಇರುತ್ತಾರೆ. ಬರಮಾಡಿಕೊಳ್ಳುವುದನ್ನು ಬಲ್ಲ ಸಮಾಜವು ಬೀಳ್ಕೊಡುವುದನ್ನೂ ಬಲ್ಲುದು.

ಆದರೆ ಎಲ್ಲ ನಡುಕವೂ ದರ್ಶನವಲ್ಲ, ಎಲ್ಲ ಅಸಂಬದ್ಧ ಮಾತೂ ನುಡಿಯಲ್ಲ. ಇದನ್ನು ಸ್ಪಷ್ಟವಾಗಿ ಹೇಳದಿದ್ದರೆ ನಾವು ವಾಚಕರಿಗೆ ದ್ರೋಹ ಬಗೆದಂತಾಗುವುದು. 2001ರ ಆಗಸ್ಟ್ 6ರಂದು ಇದೇ ತಮಿಳುನಾಡಿನ ರಾಮನಾಥಪುರ ಜಿಲ್ಲೆಯ ಏರ್ವಾಡಿಯಲ್ಲಿ ಮನೋರೋಗಿಗಳ ಆಶ್ರಯವೊಂದಕ್ಕೆ ಬೆಂಕಿ ಬಿದ್ದಿತು. ಮೈಮೇಲೆ ಬಂದುದನ್ನು ಬಿಡಿಸಬೇಕೆಂದು, ದರ್ಗಾದ ಸನ್ನಿಧಿಯಲ್ಲಿ ಗುಣವಾಗಲೆಂದು ಬಂಧುಗಳು ತಂದು ಬಿಟ್ಟುಹೋಗುತ್ತಿದ್ದ ಊರು ಅದು. ಸರಪಳಿಯಿಂದ ಬಿಗಿಯಲ್ಪಟ್ಟಿದ್ದುದರಿಂದ ಓಡಲಾರದೆ 28 ಮಂದಿ ಪ್ರಾಣ ಬಿಟ್ಟರು. ಬಂದದ್ದು ಭೂತವೋ ರೋಗವೋ ಎಂಬ ಚರ್ಚೆಯಲ್ಲಿ, ಒಳಗೆ ಒಬ್ಬ ಮನುಷ್ಯನಿದ್ದಾನೆಂಬುದು ಮರೆತುಹೋದದ್ದರ ಫಲ ಇದು. 2017ರ ಮಾನಸಿಕ ಆರೋಗ್ಯ ಕಾಯಿದೆಯು ರೋಗಿಗಳನ್ನು ಸರಪಳಿಯಿಂದ ಕಟ್ಟುವುದನ್ನು ಯಾವ ರೂಪದಲ್ಲಿಯೂ ಕೂಡದೆಂದು ನಿಷೇಧಿಸಿದೆ.

ಹಾಗಾದರೆ ರೋಗ ಯಾವುದು, ದರ್ಶನ ಯಾವುದು? ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ವರ್ಗೀಕರಣದ ಹನ್ನೊಂದನೆಯ ಆವೃತ್ತಿ 2022ರ ಜನವರಿಯಿಂದ ಜಾರಿಯಲ್ಲಿದೆ. ಸಮುದಾಯವು ಒಪ್ಪಿದ ಧಾರ್ಮಿಕ ಆಚರಣೆಯ ಭಾಗವಾಗಿ ಬರುವ ಆವೇಶವನ್ನು ಅದು ರೋಗವೆಂದು ಎಣಿಸುವುದಿಲ್ಲ. ತಾನು ಬಯಸದಿದ್ದರೂ ಬರುವುದು, ಬಂದು ತೀವ್ರವಾದ ಸಂಕಟ ಕೊಡುವುದು, ಉಣ್ಣುವ ದುಡಿಯುವ ಬಾಳನ್ನೇ ಕೆಡಿಸುವುದು, ಇವಿದ್ದರೆ ಮಾತ್ರ ಅದು ಚಿಕಿತ್ಸೆಗೆ ತಕ್ಕ ರೋಗ. ನಮ್ಮ ಅಜ್ಜಂದಿರು ಕರೆದು ಬಂದದ್ದು, ಕರೆಯದೆ ಬಂದದ್ದು ಎಂದು ಮಾಡುತ್ತಿದ್ದ ವಿಂಗಡಣೆಗೂ ಇದಕ್ಕೂ ಬಹಳ ಅಂತರವಿಲ್ಲ.

ದೇವಸ್ಥಾನ, ಆಸ್ಪತ್ರೆ ಇವೆರಡರಲ್ಲಿ ಒಂದನ್ನು ಆರಿಸಿ ಇನ್ನೊಂದನ್ನು ಹಳಿಯಬೇಕಾಗಿಲ್ಲ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ವೈದ್ಯ ಆರ್. ರಘುರಾಮ್ ಮತ್ತು ಜೊತೆಗಾರರು ತಮಿಳುನಾಡಿನ ಒಂದು ಹಳ್ಳಿಯ ಮುತ್ತುಸ್ವಾಮಿ ಗುಡಿಯಲ್ಲಿ ಉಳಿದುಕೊಂಡಿದ್ದ 31 ಮಂದಿ ಮನೋರೋಗಿಗಳನ್ನು ಪರೀಕ್ಷಿಸಿ 2002ರಲ್ಲಿ ವರದಿ ಪ್ರಕಟಿಸಿದರು. ಸರಾಸರಿ ಆರು ವಾರ ಅಲ್ಲಿದ್ದವರಲ್ಲಿ ರೋಗಲಕ್ಷಣಗಳು ಸುಮಾರು ಶೇಕಡ 20ರಷ್ಟು ತಗ್ಗಿದ್ದುವು. ವಿಶೇಷ ಮಂತ್ರವಾಗಲಿ ಔಷಧವಾಗಲಿ ಅಲ್ಲಿರಲಿಲ್ಲ. ಹೆದರಿಸದ, ಹೀಯಾಳಿಸದ, ಸಣ್ಣ ಪುಟ್ಟ ಕೆಲಸಗಳಲ್ಲಿ ಸೇರಿಸಿಕೊಳ್ಳುವ ವಾತಾವರಣವಿತ್ತು. ಮನುಷ್ಯನನ್ನು ಮನುಷ್ಯನೆಂದು ನಡೆಯಿಸಿಕೊಳ್ಳುವುದೇ ಒಂದು ಮದ್ದೆಂದು ಇದರಿಂದ ತಿಳಿಯತಕ್ಕದ್ದು. ಕೋಣೆಯ ಜೊತೆಗಾರನೊಬ್ಬ ನಿದ್ದೆಗೆಟ್ಟು, ಯಾರದೋ ದನಿ ಕೇಳಿಸುತ್ತದೆನ್ನುತ್ತ ಕೆಲಸ ಬಿಟ್ಟು ಕುಳಿತರೆ, ಊರಿಗೆ ಹರಕೆ ಹೊತ್ತ ಕೈಯಲ್ಲಿಯೇ ಅವನನ್ನು ಕೀಳ್ಪಾಕದ ಸರಕಾರಿ ಮಾನಸಿಕ ಆರೋಗ್ಯ ಸಂಸ್ಥೆಗೂ ಕರೆದೊಯ್ಯಿರಿ. 1794ರಿಂದ ಈ ಊರಿನಲ್ಲಿ ನಡೆದುಬಂದಿರುವ ಸಂಸ್ಥೆ ಅದು. ಕೇಂದ್ರ ಸರಕಾರ 2022ರಲ್ಲಿ ತೆರೆದ ಟೆಲಿ ಮಾನಸ್ ಸಹಾಯವಾಣಿಗೆ 14416 ಎಂಬ ಸಂಖ್ಯೆಯಲ್ಲಿ ಹಣವಿಲ್ಲದೆ ಕರೆ ಮಾಡಬಹುದು.

ಬೆಳಗಾದ ಮೇಲೆ

ಈಗ ನಾವು ಮೊದಲ ಪ್ರಶ್ನೆಗೆ ಮರಳಬೇಕು. ದೈವ ಬಂದಾಗ ಮನುಷ್ಯ ಎಲ್ಲಿಗೂ ಹೋಗುವುದಿಲ್ಲವೆಂದು ಭಟ್ಟರು ಹೇಳಿದರಷ್ಟೆ. ಹಾಗಾದರೆ ದೈವ ಹೋದ ಮೇಲೆ ಅವನು ಎಲ್ಲಿಗೆ ಹೋಗುತ್ತಾನೆ? ಇದೇ ನಿಜವಾಗಿ ಕೇಳಬೇಕಾದ ಪ್ರಶ್ನೆ.

ರಾತ್ರಿಯೆಲ್ಲ ಗುತ್ತಿನ ಯಜಮಾನ ಕೈಮುಗಿದು ನಿಂತಿರುತ್ತಾನೆ. ದೈವವು ಅವನನ್ನು ಹೆಸರು ಹಿಡಿದು ಗದರಿಸಿದರೆ ತಲೆ ತಗ್ಗಿಸುತ್ತಾನೆ. ಬೆಳಗಾಗುತ್ತದೆ, ಅಣಿ ಬಿಚ್ಚುತ್ತದೆ, ಅರದಾಳ ತೊಳೆದುಹೋಗುತ್ತದೆ. ಅದೇ ಮನುಷ್ಯ ಅದೇ ಅಂಗಳದಲ್ಲಿ ನಿಂತಿದ್ದಾನೆ. ಎಷ್ಟು ಮನೆಗಳಲ್ಲಿ ಅವನನ್ನು ಹೊಸ್ತಿಲಿನೊಳಗೆ ಕರೆದಿದ್ದೇವೆ? ಎಷ್ಟು ಪಂಕ್ತಿಗಳಲ್ಲಿ ನಮ್ಮ ಬದಿಗೆ ಎಲೆ ಹಾಕಿದ್ದೇವೆ? ಪೊಟ್ಟನ್ ತೆಯ್ಯದ ಕಥೆಯಲ್ಲಿ, ದಾರಿಯಿಂದ ಸರಿಯೆಂದ ಶಂಕರಾಚಾರ್ಯರಿಗೆ ಎದುರಾದವನು, ನಿಮ್ಮ ಮೈಯಲ್ಲಿಯೂ ನನ್ನ ಮೈಯಲ್ಲಿಯೂ ಹರಿಯುವ ನೆತ್ತರು ಬೇರೆಯೇ ಎಂದು ಕೇಳುತ್ತಾನೆ. ನಾವು ಆ ಪ್ರಶ್ನೆಯನ್ನು ದೈವದ ಬಾಯಿಂದ ಕೇಳಿ ಕಣ್ಣೀರು ಸುರಿಸುತ್ತೇವೆ. ಮನುಷ್ಯನ ಬಾಯಿಂದ ಕೇಳಿದರೆ ಉದ್ಧಟತನವೆನ್ನುತ್ತೇವೆ.

ಕಾಲ ಸ್ವಲ್ಪ ಸ್ವಲ್ಪವಾಗಿ ಬದಲಾಗುತ್ತಿದೆ. 2022ರ ಸೆಪ್ಟೆಂಬರ್ 30ರಂದು ತೆರೆಕಂಡ ರಿಷಭ್ ಶೆಟ್ಟಿಯವರ ‘ಕಾಂತಾರ’ ಚಿತ್ರ ಕೋಲವನ್ನು ದೇಶಕ್ಕೆಲ್ಲ ಪರಿಚಯಿಸಿತು. ಆ ಅಕ್ಟೋಬರಿನಲ್ಲಿಯೇ ಕರ್ನಾಟಕ ಸರಕಾರವು 60 ವರ್ಷ ದಾಟಿದ ದೈವನರ್ತಕರಿಗೆ ತಿಂಗಳಿಗೆ 2,000 ರೂಪಾಯಿಗಳ ಮಾಸಾಶನವನ್ನು ಘೋಷಿಸಿತು. 2024ರಲ್ಲಿ ಕಣ್ಣೂರಿನ ತೆಯ್ಯಂ ಕಲಾವಿದ ಇ. ಪಿ. ನಾರಾಯಣನ್ ಅವರಿಗೆ ಪದ್ಮಶ್ರೀ ಸಂದಿತು. ಸಂತೋಷದ ಸುದ್ದಿಗಳೇ. ಆದರೆ ಚಿತ್ರದ ಗೆಲುವಿನ ಬೆನ್ನಿಗೇ ಇನ್ನೊಂದು ಪಿಡುಗೂ ಬಂದಿತು. ಚಿತ್ರಮಂದಿರಗಳಲ್ಲಿ, ಶಾಲೆಯ ವೇಷಸ್ಪರ್ಧೆಗಳಲ್ಲಿ, ಮೊಬೈಲಿನ ತುಣುಕುಗಳಲ್ಲಿ ದೈವದ ವೇಷ ತೊಟ್ಟು ಕೂಗುವವರು ಹೆಚ್ಚಾದರು. 2025ರಲ್ಲಿ ಅದರ ಮುಂದಿನ ಚಿತ್ರ ಬಂದಾಗ, ಹೀಗೆ ಅನುಕರಣೆ ಮಾಡಬೇಡಿರೆಂದು ನಿರ್ಮಾಪಕರೇ ಬಿನ್ನವಿಸಿಕೊಳ್ಳಬೇಕಾಯಿತು. ಕಥೆಯಾಟದಲ್ಲಿ ಯಾವ ಪ್ರೇತವನ್ನಾದರೂ ಆಡಿರಿ, ಅಭ್ಯಂತರವಿಲ್ಲ. ಅದು ವೇಷ. ಒಬ್ಬನು ಜೀವಮಾನವೆಲ್ಲ ವ್ರತ ಹಿಡಿದು ಕಲಿತುದನ್ನು ಎರಡು ನಿಮಿಷದ ಕೂಗಾಗಿ ಮಾಡುವುದು ವೇಷವೂ ಅಲ್ಲ, ದರ್ಶನವೂ ಅಲ್ಲ.

ಈ ಸಲ ಊರಿಗೆ ಹೋಗುವ ವಾಚಕರಲ್ಲಿ ನಮ್ಮದೊಂದು ಅರಿಕೆ. ಕೋಲದ ಖರ್ಚಿಗೆ ಚೆನ್ನೈಯಿಂದ ಹಣ ಕಳುಹಿಸುವವರು ನೀವು. ಪೆಂಡಾಲಿಗೆ ಎಷ್ಟು, ದೀಪಕ್ಕೆ ಎಷ್ಟು, ಸುಡುಮದ್ದಿಗೆ ಎಷ್ಟು ಎಂದು ಕೇಳುವ ಹಕ್ಕು ನಿಮಗಿದೆ. ಜೊತೆಗೆ, ಕಟ್ಟುವವನ ಪಾಲಿಗೆ ಎಷ್ಟು, ಪಾಡ್ದನ ಹಾಡುವ ಹೆಂಗಸಿಗೆ ಎಷ್ಟು ಎಂದೂ ಕೇಳಿರಿ. ಬೆಳಗಾದ ಮೇಲೆ ಅವನ ಹೆಸರನ್ನು ಕೇಳಿ ತಿಳಿಯಿರಿ, ಬಹುವಚನದಿಂದ ಮಾತನಾಡಿಸಿರಿ, ನೀವು ಕುಳಿತಲ್ಲಿ ಕುಳ್ಳಿರಿಸಿ ಕಾಫಿ ಕೊಡಿರಿ. ಮಕ್ಕಳು ಶಾಲೆಗೆ ಹೋಗುತ್ತಿದ್ದಾರೆಯೇ, ಈ ಕಸುಬನ್ನು ಮುಂದುವರಿಸುವ ಮನಸ್ಸು ಅವರಿಗುಂಟೇ ಎಂದು ವಿಚಾರಿಸಿರಿ. ಇಲ್ಲವೆಂದರೆ ಅದನ್ನೂ ಗೌರವದಿಂದ ಕೇಳಿರಿ. ದೈವ ಕಟ್ಟುವವನ ಮಗನು ದೈವವನ್ನೇ ಕಟ್ಟಬೇಕೆಂದು ಹೇಳಲು ನಮಗೆ ಅಧಿಕಾರವಿಲ್ಲ. ನಮ್ಮಲ್ಲಿ ಎಷ್ಟು ಮಂದಿ ತಂದೆಯ ಕಸುಬನ್ನು ಬಿಟ್ಟು ಈ ಊರಿಗೆ ಬಂದೆವೆಂಬುದನ್ನು ನೆನೆದರೆ ಸಾಕು.

ನಾವಿಲ್ಲಿ ಪರರಿಗೆ ಬಡಿಸಿ ಬದುಕುವವರು. ಗಿರಾಕಿಯ ಎದುರು ನಗುಮುಖ, ಮೇಲಧಿಕಾರಿಯ ಎದುರು ವಿನಯ. ಅಂಗಿ ಬಿಚ್ಚಿ ಮೇಲಿನ ಕೋಣೆಯ ಚಾಪೆಯ ಮೇಲೆ ಮಲಗಿದಾಗಲೇ ನಾವು ನಾವಾಗುವುದು. ಆ ಹೊತ್ತಿನಲ್ಲಿ ಯಾರಾದರೂ ಹೆಸರು ಹಿಡಿದು ಕರೆದರೆ ಎಷ್ಟು ಹಿತವಾಗುತ್ತದೆಂಬುದು ನಮಗೆ ತಿಳಿದಿದೆ. ಭಟ್ಟರ ಹೋಲಿಕೆ ಒಂದು ಕಡೆ ಮಾತ್ರ ಸಾಲದಾಗುತ್ತದೆ. ಪಾತ್ರೆಗೆ ಹಸಿವಿಲ್ಲ, ಮುಪ್ಪಿಲ್ಲ, ಓದಿಸಬೇಕಾದ ಮಕ್ಕಳಿಲ್ಲ. ಪಾತ್ರಿಗೆ ಇವೆಲ್ಲ ಉಂಟು. ಗುಮಾಸ್ತ ಹುಡುಗನು ಈ ಜನವರಿಯಲ್ಲಿ ರಜೆ ಪಡೆದು ಊರಿಗೆ ಹೊರಟಿದ್ದಾನೆ. ಮನೆಯ ಕೋಲ ಮುಗಿದ ಬೆಳಗ್ಗೆ, ಅಣಿ ಬಿಚ್ಚಿ ಕುಳಿತವರ ಬಳಿಗೆ ತಾನೇ ಲೋಟ ಹಿಡಿದು ಹೋಗುವುದಾಗಿ ಅವನು ಭಟ್ಟರಿಗೆ ಮಾತು ಕೊಟ್ಟಿದ್ದಾನೆ.